ಲ್ಯೂಕಾಳ ಎಡಗಣ್ಣು

"ಕುದುರೆಗೆ ಎಡಗಣ್ಣು ಕಾಣಲ್ವಂತೆ!" ಪೂಜಾರಿ ಆಂತಿಗೋರಸ್ ಗೊಳ್ಳೆಂದು ನಕ್ಕ. "ಮೊನ್ನೆ ಮೀನಿನ ಬೀದೀಲಿ ಅಷ್ಟು ಗಾಡಿಗಳ ಸಂದೀಲಿ ಇದನ್ನ ನುಗ್ಗಿಸ್ಕೊಂಡು ಹೋದ್ಯಲ್ಲೋ ದಾಮಾಸ, ವಾಸನೆ ಹಿಡ್ಕೊಂಡು ಹೋಯ್ತೇನೋ?"

"ಹಗ್ಗ ನನ್ನ ಕೈಲಿತ್ತಲ್ಲ ಸ್ವಾಮಿ," ಅಂದ ದಾಮಾಸ.

ರೋಡ್ಸ್ ದ್ವೀಪದಲ್ಲಿ ಅದೊಂದು ಕಟ್ಟಳೆ. ಸೂರ್ಯದೇವ ಹೀಲಿಯೋಸನ ಕುದುರೆಗಳು ವರ್ಷವಿಡೀ ಆಕಾಶ ಸುತ್ತಿ ಸೋತಿರುತ್ತವಲ್ಲ, ಹಬ್ಬದ ದಿನ ಹೊಸ ನಾಲ್ಕು ಬಿಳಿ ಕುದುರೆಗಳನ್ನು ರಥದ ಸಮೇತ ಬಂಡೆಯ ಮೇಲಿಂದ ಸಮುದ್ರಕ್ಕೆ ಓಡಿಸಬೇಕು. ಮೂರು ಸಿಕ್ಕಿದ್ದವು. ದಾಮಾಸನ ಲ್ಯೂಕಾ ಬಿಟ್ಟರೆ ಅಚ್ಚಬಿಳಿಯದು ಇನ್ನೆಲ್ಲಿ? ಹುಟ್ಟಿದ ದಿನವೇ ತಾಯಿ ಸತ್ತಾಗ, ಮೇಕೆಯ ಹಾಲಿನಲ್ಲಿ ಬಟ್ಟೆ ಅದ್ದಿ ಚೀಪಿಸಿ ಅದನ್ನು ಬದುಕಿಸಿಕೊಂಡವನು ಅವನು. ಊನವಿದ್ದದ್ದು ದೇವರಿಗೆ ಸಲ್ಲದು. ಅದಕ್ಕೇ ಈ ಸುಳ್ಳು.

ಪೂಜಾರಿ ಕುದುರೆಯ ಎಡಗಡೆ ಕೈ ಬೀಸಿದ. ಮನುಷ್ಯರ ಕೈಯೆಂದರೆ ಹೆದರಿಕೆಯೇ ಇಲ್ಲದ ಪ್ರಾಣಿ, ಕದಲಲಿಲ್ಲ. ಅವನ ನಗು ನಿಂತಿತು. "ಸರಿ, ದೇವರ ಮೇಲೆ ಆಣೆ ಇಡು."

ದಾಮಾಸ ತಲೆಯೆತ್ತಿದ. ದೊಡ್ಡ ಮೋಡವೊಂದು ಸೂರ್ಯನನ್ನು ಮುಚ್ಚಿತ್ತು. ಇದೇ ಸಮಯವೆಂದು ಗಡಬಡಿಸಿ ಬಲಗೈ ಎತ್ತಿದ.

"ತಡಿ ತಡಿ. ಸಾಕ್ಷಿನೇ ಬಂದಿಲ್ಲ, ಅದೇನು ಅವಸರ ನಿಂಗೆ? ಬರ್ಲಿ, ಕಾಯೋಣ." ಪೂಜಾರಿ ನೀರಿನ ತೊಟ್ಟಿಯ ಅಂಚಿನಲ್ಲಿ ಕೂತು ಒಣ ಅಂಜೂರ ಮೆಲ್ಲತೊಡಗಿದ. "ಸುಳ್ಳಾಣೆ ಇಟ್ಟೋನ ಕಣ್ಣು ಹೀಲಿಯೋಸ್ ಅಲ್ಲೇ ಕಿತ್ಕೊಳ್ತಾನೆ. ನಿಮ್ಮ ಬೀದಿ ಕುಂಬಾರನ್ನ ನೋಡಿದೀಯಲ್ಲ."

ನೋಡಿದ್ದ. ಆ ಕುಂಬಾರ ಈಗ ಗೋಡೆ ಸವರಿಕೊಂಡು ನಡೆಯುತ್ತಿದ್ದ. ದಾಮಾಸ ಮತ್ತೆ ಮೇಲೆ ನೋಡಿದ. ಮೋಡ ಸರಿಯದೇ ಇರಲಪ್ಪಾ ಎಂದು ಬೇಡಿಕೊಳ್ಳೋಣವೆಂದರೆ, ಬೇಡುವುದು ಯಾರನ್ನು?

ಮೋಡ ಸರಿಯಿತು. ಅಂಗಳದ ತುಂಬ ಬಿಸಿಲು.

"ಹೂಂ," ಅಂದ ಪೂಜಾರಿ.

ದಾಮಾಸ ಸೂರ್ಯನನ್ನೇ ದಿಟ್ಟಿಸಿ ಕೈ ಎತ್ತಿದ. "ಎಲ್ಲಾ ನೋಡೋ ಹೀಲಿಯೋಸ್, ನಿನ್ನಾಣೆ, ಈ ಕುದುರೆಗೆ ಎಡಗಣ್ಣು ಕಾಣಲ್ಲ."

ತಿರುಗಿದರೆ, ಲ್ಯೂಕಾ ಬಿಸಿಲಿಗೆ ಎಡಗಣ್ಣು ಕಿರಿದು ಮಾಡಿ ರೆಪ್ಪೆ ಪಟಪಟ ಬಡಿಯುತ್ತಿತ್ತು! ದಾಮಾಸ ಸರಕ್ಕನೆ ಒಂದು ಹೆಜ್ಜೆ ಪಕ್ಕಕ್ಕಿಟ್ಟ. ಅವನ ನೆರಳು ಕುದುರೆಯ ಮುಖದ ಮೇಲೆ ಬಿತ್ತು. ರೆಪ್ಪೆ ತೆರೆಯಿತು.

ಪೂಜಾರಿ ಆ ನೆರಳನ್ನು ನೋಡಿದ. ದಾಮಾಸನ ಮುಖ ನೋಡಿದ. ಅಂಜೂರದ ತೊಟ್ಟು ಉಗುಳಿ ಎದ್ದ.

"ಬಿಸಿಲಲ್ಲಿ ಜಾಸ್ತಿ ಹೊತ್ತು ನಿಲ್ಬೇಡ ಕಣೋ," ಎಂದು ನಾಲ್ಕನೆಯದನ್ನು ಹುಡುಕಿಕೊಂಡು ಮುಂದಿನ ಲಾಯದ ಕಡೆ ನಡೆದ.

ದಾಮಾಸ ಕದಲಲಿಲ್ಲ. ಬೆನ್ನು ಸುಡುತ್ತಿತ್ತು. ಕಣ್ಣ ಮುಂದೆ ಕಪ್ಪು ಚಕ್ರಗಳು ತಿರುಗುತ್ತಿದ್ದವು. ಹೋಯಿತು, ಕಣ್ಣು ಹೋಯಿತು ಎಂದುಕೊಂಡು ರೆಪ್ಪೆ ಬಿಗಿದು, ಕುದುರೆಯ ಹಣೆಗೆ ಹಣೆ ಹಚ್ಚಿ ನಿಂತ. ಬಹಳ ಹೊತ್ತಿನ ಮೇಲೆ ಧೈರ್ಯ ಮಾಡಿ ಕಣ್ಣು ತೆರೆದ. ಬಿಳಿಯ ರೆಪ್ಪೆಗೂದಲು, ಒಂದೊಂದಾಗಿ, ಕಾಣುತ್ತಿತ್ತು.