ಸೋದರಿ ಎಂಬ ಪದಕ್ಕೆ ಗೀಟು

ಕೆಂಟಕಿಯ ಗುಡ್ಡದ ಮೇಲೆ, ಸಿಝಮೋರ್ ಮನೆತನದ ಸ್ಮಶಾನದಲ್ಲಿ, ಎಬ್ನರನ ಪಕ್ಕದ ಕಲ್ಲಿನ ಮೇಲೆ ಎರಡೇ ಪದ: 'ಎಬ್ನರನ ಹೆಂಡತಿ'. ಅವಳ ಹೆಸರು ಕೆಜಾಯಾ ಎಂಬುದು ಮನೆಯ ಬೈಬಲ್ಲಿನ ಮೊದಲ ಹಾಳೆಯಲ್ಲಿ ಬರೆದಿಟ್ಟಿದ್ದರಿಂದ ಗೊತ್ತಿತ್ತು. ತವರಿನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ಮನೆತನದವರೆಲ್ಲ ಸಮಾಧಿಗಳಿಗೆ ಹೂವಿಡಲು ಸೇರುವುದರೊಳಗೆ ಹೊಸ ಕಲ್ಲು ನಿಲ್ಲಬೇಕಿತ್ತು. ಮನೆತನದ ಡೆಲ್ಮರ್ ಆಗಲೇ ಕಲ್ಲು ಕೆತ್ತುವವನಿಗೆ ಚೀಟಿ ಬರೆದುಕೊಟ್ಟಿದ್ದ: ಕೆಜಾಯಾ ಟ್ಯಾಕೆಟ್ ಸಿಝಮೋರ್.

"ಟ್ಯಾಕೆಟ್ ಅಂತ ಯಾರೋ ಹೇಳಿದ್ದು ನಿಂಗೆ?" ಎಂದಳು ವಿಲ್ಮಾ. ಅವಳು ಡೆಲ್ಮರನ ಚಿಕ್ಕಪ್ಪನ ಮಗಳು, ಶಾಲೆಯ ಬಸ್ಸು ಓಡಿಸುತ್ತಿದ್ದಳು. ಕೆಜಾಯಾ ಇಬ್ಬರಿಗೂ ಮುತ್ತಜ್ಜನ ತಾಯಿ.

"ಚರ್ಚಿನ ಹಳೇ ಪುಸ್ತಕ. ಸಾವಿರದ ಎಂಟುನೂರ ನಲವತ್ತೇಳು. 'ಸೋದರ ಹೈರಮ್ ಟ್ಯಾಕೆಟ್, ಸೋದರಿ ಕೆಜಾಯಾ.' ಅಣ್ಣ ತಂಗಿ. ಹೈರಮ್ ಊರಿಗೇ ನ್ಯಾಯಾಧೀಶ ಕಣೇ!"

"ನಿನ್ನ ತಲೆ. ಚರ್ಚಲ್ಲಿ ನನ್ನೂ ಸೋದರಿ ವಿಲ್ಮಾ ಅಂತಾರೆ. ಪಾದ್ರಿ ನಮ್ಮಣ್ಣನಾ?"

ಡೆಲ್ಮರ್ ಕಿವಿ ತುರಿಸಿಕೊಂಡ. "ಹಾಗಾದ್ರೆ ಬೇರೆ ಹೆಸರು ತಾ. ಶುಕ್ರವಾರ ಮಧ್ಯಾಹ್ನ ಕೆತ್ತನೆ ಶುರು. ಆಮೇಲೆ ಅಳಿಸೋಕೆ ಅದೇನು ಸ್ಲೇಟಲ್ಲ."

ಮೂರು ದಿನವಿತ್ತು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಇಳಿಸಿ, ಸಂಜೆಯ ಟ್ರಿಪ್ಪಿನವರೆಗೆ ವಿಲ್ಮಾ ಚರ್ಚಿನ ಗುಮಾಸ್ತ ಬರ್ಲ್ ಮುದುಕನ ಅಡಿಗೆಮನೆಯಲ್ಲಿ ಕೂತಳು. ಇಲಿಗೆ ಹೆದರಿ ಅವನು ಪುಸ್ತಕವನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟಿದ್ದ. ತನಗೆ ಬೇಕಾದ ಸಾಲು ಸಿಕ್ಕ ಪುಟದಲ್ಲಿ ಬೆಂಕಿಕಡ್ಡಿ ಸಿಕ್ಕಿಸಿ ಡೆಲ್ಮರ್ ಎದ್ದುಹೋಗಿದ್ದ. ಅದೇ ಪುಟದಲ್ಲಿ ಹನ್ನೊಂದು ಸೋದರಿಯರಿದ್ದರು. ಒಬ್ಬಳಿಗೂ ತವರಿನ ಹೆಸರಿರಲಿಲ್ಲ.

ಬುಧವಾರ ಏನೂ ಸಿಗಲಿಲ್ಲ. ಗುರುವಾರ ಬರ್ಲ್ ಜೋಳದ ಬ್ರೆಡ್ಡು, ಬೇಯಿಸಿದ ಬೀನ್ಸು ಮುಂದಿಟ್ಟು, "ಬಿಡಮ್ಮ, ಹೆಂಗಸ್ರ ಹೆಸರು ಆಗೆಲ್ಲ ಪೂರ್ತಿ ಯಾರು ಬರೀತಿದ್ರು? ತಪ್ಪು ಮಾಡಿ ಸಿಕ್ಕಿಬಿದ್ರೆ ಮಾತ್ರ" ಎಂದ.

ವಿಲ್ಮಾ ಚಮಚ ಕೆಳಗಿಟ್ಟಳು. "ಸಿಕ್ಕಿಬಿದ್ದೋರ ವಿಚಾರಣೆ ಎಲ್ಲಿದೆ?"

"ಹಿಂದಿನಿಂದ ಶುರು. ಪುಸ್ತಕ ತಲೆಕೆಳಗೆ ಹಿಡ್ಕೋ."

ಕೋಳಿ ಕೆದರಿದಂಥ ಅಕ್ಷರ. ಶುಕ್ರವಾರ ಹನ್ನೊಂದು ಗಂಟೆಗೆ ಸಿಕ್ಕಿತು. 1851ರ ಮೇ ತಿಂಗಳು: 'ಎಬ್ನರ್ ಸಿಝಮೋರನ ಹೆಂಡತಿ, ಸೈಲಸ್ ಅಂಬರ್ಗಿಯ ಮಗಳು ಸೋದರಿ ಕೆಜಾಯಾ, ಸೋದರ ಹೈರಮ್ ಟ್ಯಾಕೆಟನನ್ನು ಹಂದಿಕಳ್ಳನೆಂದು ಕರೆದಳು. ಕ್ಷಮೆ ಕೇಳಲು ಒಪ್ಪಲಿಲ್ಲ. ಹೊರಹಾಕಲಾಗಿದೆ.' 'ಸೋದರಿ' ಎಂಬ ಪದದ ಮೇಲೆ ದಪ್ಪ ಗೀಟು ಎಳೆದಿದ್ದರು. ಹೆಸರನ್ನು ಮುಟ್ಟಿರಲಿಲ್ಲ.

ಬರ್ಲ್‌ನನ್ನೂ ಪುಸ್ತಕವನ್ನೂ ಖಾಲಿ ಬಸ್ಸಿಗೆ ಹತ್ತಿಸಿಕೊಂಡು ಅವಳು ಕಲ್ಲು ಕೆತ್ತುವವನ ಶೆಡ್ಡಿಗೆ ಹೋದಳು. ಡೆಲ್ಮರ್ ಅಲ್ಲೇ ಇದ್ದ. ಎರಡು ಸಲ ಓದಿದ.

"ಚರ್ಚಿಂದ ಓಡಿಸ್ಕೊಂಡೋಳು ಅಂತ ಭಾನುವಾರ ಎಲ್ರೂ ಆಡ್ಕೋತಾರೆ, ವಿಲ್ಮಾ. ಬರೀ ಕೆಜಾಯಾ ಅಂತ ಹಾಕ್ಸೋಣ."

"ಆಡ್ಕೊಳ್ಳಲಿ. ಊಟಕ್ಕೆ ಮುಂಚೆ ನಾನೇ ಎದ್ದು ನಿಂತು ಓದಿ ಹೇಳ್ತೀನಿ. ಹೆಸರು ಪೂರ್ತಿ ಬೀಳ್ಬೇಕು."

ಡೆಲ್ಮರ್ ಬರ್ಲ್‌ನ ಮುಖ ನೋಡಿದ. ಬರ್ಲ್ ಶೆಡ್ಡಿನ ಮಾಡು ನೋಡಿದ. ಕೊನೆಗೆ ಡೆಲ್ಮರ್ ಚೀಟಿ ಈಸಿಕೊಂಡು, ಟ್ಯಾಕೆಟ್ ಮೇಲೆ ತಾನೇ ಗೀಟು ಎಳೆದ. ವಿಲ್ಮಾ ಅಂಬರ್ಗಿ ಎಂದು ದೊಡ್ಡಕ್ಷರದಲ್ಲಿ ಬರೆದು, ಕಲ್ಲಿನವನಿಂದ ಎರಡು ಸಲ ಓದಿಸಿದಳು.

"'ಎಬ್ನರನ ಹೆಂಡತಿ' ಅನ್ನೋದೂ ಬೇಕಾ?" ಕಲ್ಲಿನವನು ಕೇಳಿದ.

"ಜಾಗ ಮಿಕ್ಕಿದ್ರೆ ಹಾಕು."