ಯಾರಿಗೂ ತಿಳಿಯದ ಮಾತು

"ಇಡೀ ಬೆಂಚನ್ನ ಒಬ್ಳೇ ಹಿಡ್ಕೊಂಡು ಹೆಂಗೆ ಕೂತವ್ಳೆ ನೋಡು," ಎಂದಳು ವಿನೋದಾ, ಮಗಳ ಕಡೆ ಬಾಗಿ. ಹೇಳುವಾಗ ಮುಖದ ತುಂಬ ನಗು ಇಟ್ಟುಕೊಂಡಿದ್ದಳು. ನೋಡಿದವರು, ಪಾಪ, ಎದುರಿನ ಬೆಂಚಿನ ಅಜ್ಜಿಯನ್ನು ಹೊಗಳುತ್ತಿದ್ದಾಳೆ ಎಂದುಕೊಳ್ಳಬೇಕು, ಅಂಥ ನಗು.

ಆರು ವರ್ಷದ ಅನು ತಾಯಿಯನ್ನೂ ಮೀರಿಸಿದಳು. "ಅವ್ಳು ಎದ್ರೆ ಬೆಂಚೂ ಜೊತೇಲೇ ಎದ್ದು ಬತ್ತದೆ ಕಣಮ್ಮ!" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿ, ತಾನೇ ಬಿದ್ದು ಬಿದ್ದು ನಕ್ಕಳು. ವಿನೋದಾಳಿಗೂ ನಗು ತಡೆಯಲಾಗಲಿಲ್ಲ.

ಮದ್ರಾಸಿನ ಗಿಂಡಿಯ ರಾಷ್ಟ್ರೀಯ ಉದ್ಯಾನಕ್ಕೆ ಅಂಟಿಕೊಂಡಿರುವ ಮಕ್ಕಳ ಪಾರ್ಕಿನಲ್ಲಿ ಅಂದು ಭಾನುವಾರದ ಜನ. ಗಂಡ ಅನಿಲ್‌ಗೆ ಪೋರೂರಿನ ಆಫೀಸಿನಲ್ಲಿ ಏನೋ ತುರ್ತು ಕೆಲಸ ಬಂದು, ವಿನೋದಾ ಒಬ್ಬಳೇ ಮಕ್ಕಳನ್ನು ಕರೆದುಕೊಂಡು ವೆಸ್ಟ್ ಮಾಂಬಲಮ್ಮಿನಿಂದ ಎಲೆಕ್ಟ್ರಿಕ್ ಟ್ರೇನು ಹಿಡಿದು ಬಂದಿದ್ದಳು. ಮೂರು ವರ್ಷದ ಚರಣ್ ಗೇಟಿನ ಹತ್ತಿರ ಸೊಂಟ ಏರಿದವನು ಇಳಿದಿರಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ನೆರಳಿನಲ್ಲಿದ್ದ ಬೆಂಚು ಅದೊಂದೇ, ಅದರ ಉದ್ದಕ್ಕೂ ಈ ಭಾರಿ ಮೈಯ ಮುದುಕಿ ಕಾಲು ಚಾಚಿ ಕೂತಿದ್ದಳು. ಸಿಟ್ಟು ಬರದೆ ಇರುತ್ತದೆಯೇ?

ಸಿಟ್ಟು ಬಂದಾಗ ವಿನೋದಾಳಿಗೆ ಕನ್ನಡ ಬಲು ಅನುಕೂಲ. ಮದ್ರಾಸಿಗೆ ಬಂದ ಹೊಸತರಲ್ಲಿ ತಮಿಳು ಬಾರದೆ ಪಟ್ಟ ಅವಮಾನಕ್ಕೆಲ್ಲ ಅವಳು ಕಂಡುಕೊಂಡ ಸೇಡು ಅದು. ಟ್ರೇನಿನಲ್ಲಿ ಎದುರು ಕೂತವರ ಸೀರೆ, ಪಕ್ಕದ ಮನೆಯವರ ಜಿಪುಣತನ, ಮೇಲಿನ ಮನೆಯವರು ಕೊಟ್ಟ ತಿಂಡಿ, ಎಲ್ಲದರ ಬಗ್ಗೆಯೂ ಅವರ ಎದುರಿಗೇ, ನಗುನಗುತ್ತ ಹೇಳಿಬಿಡಬಹುದಾಗಿತ್ತು. "ಇಸ್ಕೋ, ತಿನ್ಬೇಡ, ಬ್ಯಾಗಿಗೆ ಹಾಕ್ಕೋ, ಆಚೆ ಹೋಗಿ ಬಿಸಾಕನ" ಎಂದು ಮಗಳಿಗೆ ಹೇಳಿ, ಅದೇ ಉಸಿರಿನಲ್ಲಿ ಕೊಟ್ಟವರಿಗೆ "ರೊಂಬ ಥ್ಯಾಂಕ್ಸ್" ಹೇಳುವುದು ಅವಳಿಗೆ ಸಲೀಸು.

ಮನೆಯಲ್ಲಿ ಮಾತ್ರ ಅನುವಿನ ಬಾಯಿಂದ ಒಂದು ಕನ್ನಡ ಪದ ಹೊರಡಿಸುವುದು ಹರಸಾಹಸ. ಊಟಕ್ಕೆ ಬಾ ಎಂದರೆ ಬೇಡವೆನ್ನಲು ತಮಿಳಿನ "ವೇಂಡಾ", ಸ್ಕೂಲಿನಲ್ಲಿ ಏನಾಯಿತು ಎಂದರೆ ಇಂಗ್ಲಿಷು. ಊರಿಗೆ ಹೋದಾಗ ಅಜ್ಜಿ ತಾತ ಮಾತಾಡಿಸಿದರೆ ಮಗು ತಾಯಿಯ ಮುಖ ನೋಡುತ್ತದೆ. ವಿನೋದಾ ಗದರಿದ್ದಳು, ಲಂಚ ಕೊಟ್ಟಿದ್ದಳು, ಒಂದು ಸಲ ಅತ್ತೂ ಇದ್ದಳು. ಹಾಗಾಗಿ ಹೊರಗೆ ಜನರ ನಡುವೆ ಅನು ಹೀಗೆ ಪಟಪಟ ಕನ್ನಡ ಉದುರಿಸಿದಾಗ, ಏನು ಹೇಳಿದಳು ಎನ್ನುವುದಕ್ಕಿಂತ ಹೇಳಿದಳಲ್ಲ ಎನ್ನುವುದೇ ಅವಳಿಗೆ ಹಿಗ್ಗು. ಎಷ್ಟೋ ಸಲ ಸಂಜೆ ಗಂಡನ ಮುಂದೆ ಅದನ್ನೇ ಹೇಳಿಕೊಂಡು ನಕ್ಕಿದ್ದಳು.

ಬೆಂಚಿನ ಮೇಲಿನ ಮುದುಕಿ ನಿಧಾನವಾಗಿ ಇತ್ತ ತಿರುಗಿದಳು. "ಕನ್ನಡದೋರಾ?"

ವಿನೋದಾಳ ಕಿವಿ ಕಾದುಹೋಯಿತು. ತಲೆಯಾಡಿಸಿದಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

"ಬಾ ಮಾ, ಕೂತ್ಕೋ," ಎಂದು ಮುದುಕಿ ಎರಡೂ ಕೈಯಿಂದ ಒಂದು ಕಾಲನ್ನು ಎತ್ತಿ ಕೆಳಗಿಟ್ಟಳು, ಆಮೇಲೆ ಇನ್ನೊಂದನ್ನು. ಬುಟ್ಟಿಯನ್ನು ಎಳೆದುಕೊಂಡು ತುದಿಗೆ ಸರಿದಳು. "ಮಂಡಿ ಮಡಿಸಕ್ಕೆ ಆಗಕ್ಕಿಲ್ಲ, ಅದ್ಕೇ ಚಾಚ್ಕೊಂಡಿದ್ದೆ. ನಾನು ಸಾಕಮ್ಮ. ನಮ್ದು ಪಾಂಡವಪುರದ ತಾವ. ನಮ್ಮನೆಯೋರು ರೈಲ್ವೇಲಿದ್ರು, ಪೆರಂಬೂರಿಗೆ ಬಂದೋರು ಇಲ್ಲೇ ಉಳ್ಕಂಡ್ವಿ. ನಿಮ್ದು ಯಾವೂರು?"

"ಮದ್ದೂರು," ಎಂದಳು ವಿನೋದಾ. ಮಂಡಿಯ ವಿಷಯ ಅವಳು ಕೇಳಿರಲಿಲ್ಲ. ಕೇಳದೆಯೇ ಸಾಕಮ್ಮ ಹೇಳಿದ್ದಳೆಂದರೆ ಎಲ್ಲವೂ ಕೇಳಿಸಿದೆ ಎಂದೇ ಅರ್ಥ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಅಲ್ಲಿಂದ ಹೋಗುವಂತೆಯೂ ಇರಲಿಲ್ಲ. ಚರಣ್ ಆಗಲೇ ಸೊಂಟದಿಂದ ಇಳಿದು, ತೆರವಾದ ಜಾಗದಲ್ಲಿ ಬೋರಲಾಗಿ ಮಲಗಿಬಿಟ್ಟಿದ್ದ.

"ಅಯ್ಯೋ, ಮದ್ದೂರಾ!" ಸಾಕಮ್ಮನ ಮುಖ ಅರಳಿತು. ಅದರಲ್ಲಿ ಕೊಂಕು ಹುಡುಕಿದರೂ ವಿನೋದಾಳಿಗೆ ಸಿಗಲಿಲ್ಲ. "ನಮ್ ಮೊಮ್ಮಕ್ಳು ಪಾಂಬು, ಅದೇ ಹಾವು, ನೋಡಕ್ಕೆ ಓಡೋದ್ವು. ಒಂದಕ್ಕೂ ಕನ್ನಡ ಬರಕ್ಕಿಲ್ಲ ಮಾ. ಸೊಸೆ ತಮಿಳ್ನೋಳು, ಅವ್ಳನ್ನ ಅಂದು ಏನು? ನನ್ ಮಗನೇ ಕಲಿಸ್ನಿಲ್ಲ. ನಿನ್ ಮಗ್ಳ ಬಾಯಲ್ಲಿ ಎಷ್ಟು ಚೆಂದಾಗಿ ಬತ್ತದೆ! ನಮ್ಮೂರ ಮಕ್ಳು ಮಾತಾಡ್ದಂಗೇ ಅದೆ. ಎಷ್ಟು ಕಷ್ಟಪಟ್ಟು ಕಲಿಸಿದ್ದೀಯೋ ಏನೋ."

ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ವಿನೋದಾ ಚರಣ್‌ನ ಬೆನ್ನು ಸವರುತ್ತ ತಲೆ ತಗ್ಗಿಸಿ ಕೂತಳು.

ಸಾಕಮ್ಮ ಅನುವನ್ನು ಹತ್ತಿರ ಕರೆದಳು. "ನಿನ್ ಹೆಸ್ರೇನು ಕಂದಾ?"

"ಅನು," ಎಂದು, ಮಗು ತಾಯಿಯ ಕಡೆ ತಿರುಗಿ, "ಅಮ್ಮಾ, ಮಾನ್ ಎಂಗೇ?" ಎಂದು ಜಿಂಕೆ ಎಲ್ಲಿ ಎಂದು ಕೇಳಿತು.

"ಯಾವ ಸ್ಕೂಲು?" ಅನು ಇಂಗ್ಲಿಷಿನಲ್ಲಿ ಹೇಳಿದಳು. "ತಮ್ಮ ಅಂದ್ರೆ ಇಷ್ಟಾನಾ?" ಅನು ತಾಯಿಯ ಮುಖ ನೋಡಿದಳು.

"ಕನ್ನಡದಲ್ಲಿ ಹೇಳು ಕಂದಾ. ಆಗ್ಲೇ ಮಾತಾಡ್ದಲ್ಲ, ಅದೇ ಥರ ಮಾತಾಡು," ಎಂದಳು ಸಾಕಮ್ಮ. ಅವಳ ಧ್ವನಿ ಅಂಗಲಾಚುವಂತಿತ್ತು. ಬುಟ್ಟಿಯಿಂದ ಒಂದು ಡಬ್ಬ ತೆಗೆದು, ಮುಚ್ಚಳ ಬಿಚ್ಚಿ, ಒಂದು ಕೋಡುಬಳೆಯನ್ನು ಅನುವಿನ ಕೈಗಿಟ್ಟಳು. "ನಾನೇ ಮಾಡಿದ್ದು. ನಮ್ಮನೇಲಿ ಯಾರೂ ತಿನ್ನಕ್ಕಿಲ್ಲ."

ಅನು ಕೋಡುಬಳೆಯನ್ನು ನೋಡಿದಳು. ಕನ್ನಡ ಮಾತಾಡು ಎಂದಿದ್ದಾರೆ. ತಿಂಡಿ ಕೊಟ್ಟಾಗ ಆಡುವ ಕನ್ನಡ ಅವಳಿಗೆ ಚೆನ್ನಾಗಿ ಗೊತ್ತು. ಪಾಠ ಒಪ್ಪಿಸುವ ಹಾಗೆ ನೆಟ್ಟಗೆ ನಿಂತು, ಸ್ಪಷ್ಟವಾಗಿ, ಒಂದು ಅಕ್ಷರವೂ ತಪ್ಪದೆ ಹೇಳಿದಳು:

"ಇಸ್ಕೋ, ತಿನ್ಬೇಡ. ಬ್ಯಾಗಿಗೆ ಹಾಕ್ಕೋ. ಆಚೆ ಹೋಗಿ ಬಿಸಾಕನ."

ಹೇಳಿ, ಶಭಾಷ್‌ಗಿರಿಗಾಗಿ ತಾಯಿಯ ಮುಖ ನೋಡಿದಳು.

ಮುಚ್ಚಳ ಹಿಡಿದಿದ್ದ ಸಾಕಮ್ಮನ ಕೈ ಅಲ್ಲೇ ನಿಂತಿತು. ಆಮೇಲೆ ಅವಳು ಅನುವಿನ ಬೆರಳುಗಳ ನಡುವಿನಿಂದ ಕೋಡುಬಳೆಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ಬಿಸಾಕ್ಬೇಡ ಕಂದಾ, ನಾನೇ ತಿಂತೀನಿ," ಎಂದು ಅದನ್ನು ಡಬ್ಬದೊಳಗೆ ಹಾಕಿ ಮುಚ್ಚಳ ಒತ್ತಿದಳು.

ವಿನೋದಾಳಿಗೆ ಏನಾದರೂ ಹೇಳಲೇಬೇಕಿತ್ತು. ಬಾಯಿ ತೆರೆದಳು. ಇಷ್ಟು ವರ್ಷ ಈ ಊರಿನಲ್ಲಿ ಕನ್ನಡದಲ್ಲಿ ಯಾರ ಕ್ಷಮೆಯನ್ನೂ ಕೇಳಿರಲಿಲ್ಲ. ನಾಲಗೆಗೆ ದಾರಿ ತಿಳಿಯಲಿಲ್ಲ. "ಮನ್ನಿಚ್ಚುಡುಂಗಮ್ಮಾ," ಎಂದು ತಮಿಳಿನಲ್ಲೇ ಕ್ಷಮೆ ಕೇಳಿದಳು, ಸಂತೆಯಲ್ಲಿ ಯಾರದೋ ಕಾಲು ತುಳಿದವಳ ಹಾಗೆ.

"ಪರವಾಯಿಲ್ಲೆ ಮಾ," ಎಂದಳು ಸಾಕಮ್ಮ, ಅವಳೂ ತಮಿಳಿನಲ್ಲಿ. ಆಮೇಲೆ ಅವಳು ಕನ್ನಡ ಆಡಲಿಲ್ಲ. ಹಾವು ನೋಡಿ ಬಂದ ಮೊಮ್ಮಕ್ಕಳು ಸುತ್ತುಗಟ್ಟಿ ಗಲಾಟೆ ಎಬ್ಬಿಸಿದಾಗ, ಇಬ್ಬರ ಹೆಗಲು ಹಿಡಿದು ಕಷ್ಟಪಟ್ಟು ಎದ್ದು, ವಿನೋದಾಳಿಗೆ "ವರೇನ್ ಮಾ" ಎಂದು ಹೋಗಿಬರುವ ಮಾತು ಹೇಳಿ, ಕಾಲೆಳೆಯುತ್ತ ನಡೆದಳು. ವಿನೋದಾ ಅವಳು ತಿರುವು ದಾಟುವವರೆಗೆ ನೋಡಿದಳು. ಓಡಿಹೋಗಿ ಕೈ ಹಿಡಿದುಕೊಳ್ಳಬೇಕು ಎನ್ನಿಸಿತು, ಹೋಗಲಿಲ್ಲ.

ಅನುವಿಗೆ ಏನು ತಪ್ಪಾಯಿತೆಂದು ತಿಳಿದಿರಲಿಲ್ಲ. ಅದನ್ನು ಹೇಗೆ ಹೇಳುವುದೆಂದು ವಿನೋದಾಳಿಗೂ ತಿಳಿಯಲಿಲ್ಲ. ಮೂವರೂ ಜಿಂಕೆಗಳ ಬೇಲಿಯ ಹತ್ತಿರ ಬಂದರು. ಅಲ್ಲಿ ಜನ ಒತ್ತೊತ್ತಾಗಿ ನಿಂತಿದ್ದರು. ಮರಗಳ ನಡುವಿನಿಂದ ಕೃಷ್ಣಮೃಗವೊಂದು ಮರಿಯ ಜೊತೆ ಬೇಲಿಯ ತೀರ ಸಮೀಪಕ್ಕೆ ಬಂದಿತ್ತು. ಮರಿಯ ಕಾಲುಗಳು ಇನ್ನೂ ನಡುಗುತ್ತಿದ್ದವು. ಎಷ್ಟು ಮುದ್ದಾಗಿತ್ತೆಂದರೆ ವಿನೋದಾ ಒಂದು ಗಳಿಗೆ ಎಲ್ಲವನ್ನೂ ಮರೆತಳು. ಮಗಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮರಿ ಬೆದರದ ಹಾಗೆ, ಕಿವಿಯಲ್ಲಿ ಹೇಳಿದಳು.

"ಅನೂ, ಅಲ್ನೋಡು."

ಅನು ಬೇಲಿಯಾಚೆ ನೋಡಲಿಲ್ಲ. ತುಟಿಯಂಚಿನಲ್ಲಿ ನಗು ತಂದುಕೊಂಡು, ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ಹುಡುಕುತ್ತ, ಅಷ್ಟೇ ಮೆಲ್ಲಗೆ ಕೇಳಿದಳು:

"ಯಾರನ್ನಮ್ಮಾ?"