ಸೋತವನ ಮನೆಯ ಚಹಾ

ಚೆಂಡು ಅವನಿಗೂ ಡ್ರೈವರನಿಗೂ ನಡುವೆ ಬಿತ್ತು. ತೆಗೆಯಬೇಕಾದವನು ಡ್ರೈವರ್ ಅಲ್ಲ, ಅವನೇ. ಅದು ಅಂಕಣದಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಕ್ಯಾಪ್ಟನ್ ಪ್ಲಂಬರ್ ನೆಟ್ಟಿನ ಬಳಿಯಿಂದಲೇ ಡ್ರೈವರನ ಮೇಲೆ ಹರಿಹಾಯ್ದ.

"ಲೋ, ಕಣ್ಣು ಬಸ್ಸಲ್ಲೇ ಬಿಟ್ಟು ಬಂದಿದ್ದೀಯೇನೋ? ಕಾಲ ಹತ್ರ ಬಿದ್ದದ್ದು ಕಾಣಲ್ವಾ?"

"ಹೊಟ್ಟೆ ಅಡ್ಡ ಬಂತು ಕಣಣ್ಣ," ಎಂದ ಡ್ರೈವರ್. ಎಲ್ಲರೂ ನಕ್ಕರು.

ಪ್ಲಂಬರ್ ಇವನ ಕಡೆ ತಿರುಗಿದಾಗ ದನಿ ಮೆತ್ತಗಾಯಿತು. "ಪರವಾಗಿಲ್ಲ ಬಿಡಿ. ಒಳ್ಳೆ ಪ್ರಯತ್ನ."

ಅವನು ತಲೆಯಾಡಿಸಿದ. ಈ ದೇಶಕ್ಕೆ ಬಂದ ಮೇಲೆ ಇದು ಎರಡನೇ ಚಳಿಗಾಲ. ಬೇಕರಿಯ ಒಲೆಯ ಮುಂದೆ ಕೆಲಸ ಮುಗಿಸಿ, ಕೂದಲಲ್ಲಿ ಹಿಟ್ಟು ಇನ್ನೂ ಇರುವಾಗಲೇ ವಾರವಾರವೂ ಈ ವಾಲಿಬಾಲ್ ಕ್ಲಬ್ಬಿಗೆ ಓಡಿಬರುತ್ತಿದ್ದ. ಇಷ್ಟು ಕಾಲದಲ್ಲಿ ಯಾರೊಬ್ಬರೂ ಅವನನ್ನು ಬೈದಿರಲಿಲ್ಲ.

ಕ್ಲಬ್ಬಿನಲ್ಲೊಂದು ಪದ್ಧತಿಯಿತ್ತು. ಪಂದ್ಯ ಸೋತ ದಿನ ಕೊನೆಯ ಪಾಯಿಂಟು ಯಾರ ಕೈಯಿಂದ ಹೋಯಿತೋ ಅವನಿಗೆ ಶಿಕ್ಷೆ. ಮೈದಾನದಿಂದ ನೇರವಾಗಿ ಇಡೀ ತಂಡ ಅವನ ಮನೆಗೆ ನುಗ್ಗುತ್ತಿತ್ತು. ಅವನದೇ ಚಹಾ ಕುಡಿದು, ಹೆಂಡತಿ ಮಕ್ಕಳ ಮುಂದೆ ಅವನದೇ ಮಾನ ಹರಾಜು ಹಾಕುತ್ತಿತ್ತು. ಪ್ಲಂಬರನ ಮನೆಯಲ್ಲಿ ಅವನ ಅತ್ತೆಯೂ ಇವರ ಜೊತೆ ಸೇರಿಕೊಂಡು ಅಳಿಯನಿಗೆ ಛೀಮಾರಿ ಹಾಕಿದ್ದು ಈಗಲೂ ದೊಡ್ಡ ಕತೆ. ಇವನ ಸರದಿ ಮೊದಲ ವರ್ಷ ಒಮ್ಮೆ ಬಂದಿತ್ತು. "ಹೊಸಬರು, ಪಾಪ, ಅವರಿಗೆ ಬೇಡ" ಎಂದು ಬಿಟ್ಟುಬಿಟ್ಟಿದ್ದರು. ಈಗ ಅವನಲ್ಲಿ ಹೊಸದೇನೂ ಉಳಿದಿರಲಿಲ್ಲ. ತಾನಾಗಿ ಮನೆಗೆ ಕರೆದದ್ದೂ ಉಂಟು. "ಖಂಡಿತ ಬರ್ತೀವಿ, ಯಾವಾಗಾದ್ರೂ" ಎಂದಿದ್ದರು. ಆ ಯಾವಾಗಾದರೂ ಎಂಬ ವಾರ ಕ್ಯಾಲೆಂಡರಿನಲ್ಲಿ ಇರಲಿಲ್ಲ.

ಇವತ್ತು ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡುವಾಗ ಹೆಂಡತಿ ಅಡುಗೆಮನೆಯ ಕಿಟಕಿ ಒರೆಸುತ್ತಿದ್ದಳು. ನಿನ್ನೆಯೂ ಒರೆಸಿದ್ದಳು.

"ಇವತ್ತಿಗೆ ನಿಮ್ಮಾಟ ಮುಗೀತಲ್ವಾ?"

"ಹೂಂ. ಈ ಸಲದ್ದು ಕೊನೇ ಪಂದ್ಯ."

"ನಾನು ಹೇಳಿದ್ದು ನೆನಪಿದೆ ತಾನೆ? ಆಟ ಮುಗಿಯೋಷ್ಟರೊಳಗೆ ಈ ಬಾಗಿಲು ತಟ್ಟೋಕೆ ಒಂದು ನರಪಿಳ್ಳೆ ಬಂದ್ರೂ ಇರ್ತೀನಿ. ಇಲ್ಲಾಂದ್ರೆ ಶಾಲೆಗೆ ರಜ ಬಿಟ್ಟ ತಕ್ಷಣ ಮಗೂನ ಕರ್ಕೊಂಡು ಅಮ್ಮನ ಹತ್ರ ಹೊರಟೆ. ಆಮೇಲೆ ವಾಪಸ್ ಬಾ ಅಂತ ಕರೀಬೇಡಿ."

"ಇವತ್ತು ಬರ್ತಾರೆ."

"ಬೈಯೋಕಾದ್ರೂ ಬರ್ಲಿ ಕಣ್ರೀ." ಅವಳು ಬಟ್ಟೆ ಹಿಂಡಿದಳು. "ನಿನ್ನೆ ನಲ್ಲಿ ಜೊತೆ ಮಾತಾಡ್ತಿದ್ದೆ. ಮಗು ನೋಡಿ ಮೊದ್ಲು ನಕ್ತು. ಆಮೇಲೆ ನಗಲಿಲ್ಲ."

ಈಗ ಎದುರಾಳಿಗಳಿಗೆ ಗೆಲ್ಲಲು ಒಂದೇ ಪಾಯಿಂಟು ಬೇಕಿತ್ತು. ಸರ್ವ್ ಬಂತು. ಸೋಮಾರಿ ಚೆಂಡು, ಮಕ್ಕಳೂ ಎತ್ತಬಹುದಾದದ್ದು, ನೇರ ಅವನತ್ತಲೇ. ಅವನು ಮೊಣಕಾಲು ಬಗ್ಗಿಸಿ ಎರಡೂ ಕೈ ಜೋಡಿಸಿದ. ಮುಂಗೈಯ ಮೇಲೆ ಬ್ರೆಡ್ಡಿನ ತಟ್ಟೆ ತಾಗಿ ಸುಟ್ಟ ಗೆರೆ, ಅದರ ಮೇಲೆ ಸುತ್ತಿದ ಬಟ್ಟೆ. ಚೆಂಡು ಇನ್ನೇನು ತಾಗಬೇಕು, ಜೋಡಿಸಿದ ಕೈ ಬಿಡಿಸಿಬಿಟ್ಟ.

ಚೆಂಡು ಕೆಸರಲ್ಲಿ ಒಂದು ಸಲ ಪುಟಿದು ಸುಮ್ಮನಾಯಿತು.

ಅವನು ತಲೆ ತಗ್ಗಿಸಿ ಕಾದ. ಬರಲಿ, ಏನೇನಿದೆಯೋ ಎಲ್ಲ ಬರಲಿ. ಪ್ಲಂಬರನ ಬಾಯಿ ತೆರೆದದ್ದು ಓರೆಗಣ್ಣಿಗೆ ಕಂಡಿತು. ಆಮೇಲೆ ಮುಚ್ಚಿಕೊಂಡಿತು.

ಡ್ರೈವರ್ ಹತ್ತಿರ ಬಂದ. "ನಾನು ನೋಡ್ದೆ. ನೀವೇ ಕೈ ಹಿಂದಕ್ಕೆ ತಗೊಂಡ್ರಿ."

ಅವನು ಬಗ್ಗಿ ಕೆಸರಲ್ಲಿದ್ದ ಚೆಂಡನ್ನು ಎತ್ತಿಕೊಂಡ.

"ಉರೀತಿತ್ತಲ್ವಾ? ಸುಟ್ಟ ಕೈ ಇಟ್ಕೊಂಡು ಇಷ್ಟು ಹೊತ್ತು ಆಡಿದ್ದೇ ದೊಡ್ಡದು."

"ಕೈಗೇನೂ ಆಗಿಲ್ಲ. ತಪ್ಪು ನಂದು. ಕೊನೇ ಪಾಯಿಂಟು ನನ್ನಿಂದಲೇ ಹೋದದ್ದು. ಎಲ್ರೂ ನಮ್ಮನೆಗೆ ಬನ್ನಿ. ಈಗಲೇ."

"ಅಯ್ಯೋ, ನಿಮಗ್ಯಾಕೆ ತೊಂದರೆ?" ಎಂದ ಪ್ಲಂಬರ್. "ಮನೇಲಿ ಪುಟ್ಟ ಮಗು ಬೇರೆ."

"ತೊಂದರೆ ಇಲ್ಲ ಅಂದ್ನಲ್ಲ! ಬೈಯ್ರಿ ನನಗೆ. ನಮ್ಮನೆಗೆ ಬಂದು ಬೈಯ್ರಿ, ನನ್ನ ಹೆಂಡತಿ ಮುಂದೆ ಬೈಯ್ರಿ!"

ಮಾತಿನ ಕೊನೆಗೆ ದನಿ ಒಡೆಯಿತು. ಯಾರೋ ತಮಾಷೆಯೆಂದು ನಕ್ಕು ಅರ್ಧಕ್ಕೇ ನಿಲ್ಲಿಸಿದರು. ಡ್ರೈವರ್ ಅವನ ಹೆಗಲ ಮೇಲೆ ಕೈಯಿಟ್ಟ. ಬೆಚ್ಚಗಿನ, ಭಾರವಾದ ಕೈ.

"ನೀವು ಮನೆಗೆ ಹೋಗಿ ಮುಲಾಮು ಹಚ್ಕೊಂಡು ಮಲಗಿ. ಆ ಚೆಂಡಿಗೆ ನಾನೇ ಮುನ್ನುಗ್ಗಬೇಕಿತ್ತು, ತಪ್ಪು ನಂದೇ. ನಡೀರೋ ಎಲ್ಲ ನಮ್ಮನೆಗೆ!"

"ಹಂಗಾದ್ರೆ ಇವತ್ತು ಹೆಂಡ್ತಿ ಕೈಲಿ ನಿನಗಿದೆ ಹಬ್ಬ, ಹೊಟ್ಟೆರಾಯ!" ಎಂದು ತಂಡದಲ್ಲಿ ಯಾರೋ ಡ್ರೈವರನಿಗೆ ಕೂಗಿದರು.

ಬೈಗುಳ ಮತ್ತೆ ಶುರುವಾಯಿತು. ನೆಟ್ಟು ಸುತ್ತಿ ಹೆಗಲಿಗೇರಿಸಿಕೊಂಡು, ಒಬ್ಬರನ್ನೊಬ್ಬರು ತಳ್ಳುತ್ತ ಅವರು ಗೇಟು ದಾಟಿದರು. ಪ್ಲಂಬರ್ ಮಾತ್ರ ತಿರುಗಿ ನೋಡಿ ಕೈಬೀಸಿದ. ಅವನೂ ಬೀಸಿದ.

ಮನೆಯ ಬಾಗಿಲು ಅವನು ತಟ್ಟುವ ಮೊದಲೇ ತೆರೆಯಿತು. ಹೆಂಡತಿ ತಲೆ ಬಾಚಿ, ಮಡಿಸಿಟ್ಟಿದ್ದ ಹಸಿರು ಸೀರೆ ಉಟ್ಟಿದ್ದಳು. ಅವನ ಮುಖವನ್ನಲ್ಲ, ಹೆಗಲಾಚೆ ಮೆಟ್ಟಿಲನ್ನು ನೋಡಿದಳು. ಕೆಳಗೆ ಯಾರದೋ ಹೆಜ್ಜೆ ಸದ್ದಾಯಿತು, ಮೊದಲ ಮಹಡಿಯಲ್ಲೇ ನಿಂತಿತು. ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಮೇಜಿನ ಮೇಲೆ ಕಪ್ಪುಗಳು ಬೋರಲಾಗಿ ಸಾಲುಗಟ್ಟಿದ್ದವು. ಕಪ್ಪು ಸಾಲದೆ ಬಂದದ್ದಕ್ಕೆ ಹಿಡಿ ಮುರಿದ ಮಗಳ ಲೋಟವೂ ಸಾಲಿಗೆ ಸೇರಿತ್ತು.

ಅವನು ಒಳಬಂದ ಮೇಲೆ ಅವಳು ಬಾಗಿಲು ಮುಚ್ಚಿದಳು. ಒಳಗೆ ಹೋಗಿ ಕುದಿಯುತ್ತಿದ್ದ ನೀರಿನ ಒಲೆ ಆರಿಸಿದಳು.

"ಅಪ್ಪ, ಜಾಗ ಮಾಡಿದ್ದೀನಿ ನೋಡು," ಎಂದಳು ಮಗಳು. ಬಾಗಿಲ ಪಕ್ಕದ ಗೋಡೆಯ ಉದ್ದಕ್ಕೂ ಅವರ ಚಪ್ಪಲಿ, ಕೊಡೆ, ಶಾಲೆಯ ಚೀಲ ಎಲ್ಲವನ್ನೂ ತೆಗೆದು, ಬರುವವರ ಶೂಗಳಿಗೆಂದು ನೆಲ ಗುಡಿಸಿಟ್ಟಿದ್ದಳು.

ಅವನು ಕುಳಿತು ಕೆಸರಾದ ಶೂ ಬಿಚ್ಚಿದ. ಅಡುಗೆಮನೆಯಲ್ಲಿ ಕಪ್ಪುಗಳು ಒಂದೊಂದಾಗಿ ಕಪಾಟಿಗೆ ಮರಳುವ ಸದ್ದು. ಮಗಳು ಶೂಗಳನ್ನು ಎತ್ತಿಕೊಂಡು ಖಾಲಿ ನೆಲವನ್ನು ಕೊಂಚ ಹೊತ್ತು ನೋಡಿದಳು. ಆಮೇಲೆ ಒಂದನ್ನು ಗೋಡೆಯ ಈ ತುದಿಗಿಟ್ಟು, ಇನ್ನೊಂದನ್ನು ಆ ತುದಿಗೆ ಒಯ್ದು ಇಟ್ಟಳು.